ಗುಲಗಂಜಿ ತೂಕ

ನಿಮಿಷಕ್ಕ ನೂರಾ ಹತ್ತು.
ಮೂರು ಸಲ ಎಣಿಸಿದೆ,
ರಿಪೇರಿಗೆ ಬಂದ ಮೂರು ವಾಚು ಮುಂದಿಟ್ಟುಕೊಂಡು.
ನಿಂಬಿಹಣ್ಣಿನಷ್ಟು ಜೀವಕ್ಕ
ಅಷ್ಟು ಉಸರು ಯಾಕ ಬೇಕು?

ಗ್ವಾಡಿ ಗಡಿಯಾರಕ್ಕ ಸ್ಪ್ರಿಂಗ್ ಹಾಕಿಸಿಕೊಂಡ ಯಾಸೀನ
ರೊಕ್ಕಿಲ್ಲಂತ ಈ ಪಫರ್ ಮೀನು ಕೊಟ್ಟು ಹೋಗಿದ್ದ.
ಬೆನ್ನ ಮ್ಯಾಲ ಹಳದಿ ಗೆರಿಯೊಳಗ ಎಂಟರ ಅಂಕಿ,
ಮುಳ್ಳಿಲ್ಲದ ಎಂಟು ಗಂಟೆ.
ಒಂದೊಂದು ಕಣ್ಣು ಒಂದೊಂದು ದಿಕ್ಕಿಗೆ ತಿರುವತಿತ್ತು,
ಗುಂಡ್ಯಾ ಅಂದ್ರ ಗಾಜಿಗೆ ಬಂದು ಮೂತಿ ಹಚ್ಚತಿತ್ತು.
ಈಗ ಮೂಲ್ಯಾಗ ಬಾಲ ಮಡಚಿ ಕೂತದ,
ಬಿಳಿ ಹೊಟ್ಟಿ ಬೂದಿ ಬಣ್ಣಕ್ಕ ತಿರುಗೇದ.

ಉಳಿದ ಮೀನಿನ ಕಿವಿರಿಗೆ ಕದ ಇರತಾವ.
ಇದಕ್ಕ ಬರೇ ಕಿಂಡಿ,
ರೆಕ್ಕಿ ಬುಡಕ್ಕ, ಅಂಗಿ ಕಾಜಿನಷ್ಟು.
ಬಲಗಡೆ ಕಾಜು ತೆರೀತದ, ಮುಚ್ಚತದ.
ಎಡಗಡೆದು ಯಾರೋ ಹೊಲದು ಬಿಟ್ಟಂಗ.

ಮೊದಲು ನೀರಿನ ಮ್ಯಾಲ ಸಂಶಯ.
ಮಂಗಳವಾರ ನಳ ಬರಲಿಲ್ಲ, ಟ್ಯಾಂಕರ್ ಬಂತು,
ಒಂದು ರಾತ್ರಿ ಇಡದ ಹಂಗ ಸುರುವಿದ್ದೆ.
ಗಾಜಿನ ನಳಿಗ್ಯಾಗ ಹನಿ ಹಾಕಿ ಅಲ್ಲಾಡಿಸಿದರ
ಹಳದಿ ಉಳೀಬೇಕಾದದ್ದು
ಹೆಸರಕಾಳಿನ ಹಸರಾತು.
ನನ್ನದ ತಪ್ಪು.
ಅರ್ಧ ನೀರು ತೆಗೆದೆ, ಮರುದಿನ ಮತ್ತರ್ಧ.
ಎಣಿಕಿ ತೊಂಬತ್ತಾರಕ್ಕ ಇಳಿದು
ಅಲ್ಲೇ ಹಟ ಹಿಡೀತು.
ನೀರು ಸುಟ್ಟಿದ್ದರ ಎರಡೂ ಕಡೆ ಸುಡಬೇಕಿತ್ತಲ್ಲ?
ಕೀಲಿ ಕೊಟ್ಟರೂ ತಡದು ನಿಲ್ಲೋ ಗಡಿಯಾರದಾಗ
ಯಾವುದೋ ಹಲ್ಲಿಗೆ ಏನೋ ಸಿಕ್ಕಿರತದ.

ಕಣ್ಣಿಗೆ ಲೂಪು ಸಿಗಿಸಿ, ಬ್ಯಾಟರಿ ಓರೆ ಹಿಡದು
ಅರ್ಧ ತಾಸು ಕಾದೆ.
ಕಲ್ಲಿಗೆ ಮೈ ತಿಕ್ಕೂ ಮುಂದ ಕಿಂಡಿ ಒಮ್ಮೆ ಬಾಯಿಬಿಟ್ಟಿತು.
ಕೆಂಪಿರಬೇಕಾದಲ್ಲಿ ಮಾಸಿದ ಗುಲಾಬಿ, ಲೋಳಿ,
ಲೋಳ್ಯಾಗ ಹೇರ್‌ಸ್ಪ್ರಿಂಗಿನ ಚೂರಿನಂಥಾವು
ಎರಡು, ಅಲ್ಲ, ಮೂರು,
ತಾವ ತಾವ ಹೊಳ್ಳತಿದ್ದುವು.

ದನದ ದವಾಖಾನಿಯ ಕಂಪೌಂಡರ ಮಸೂತಿ ನಕ್ಕ,
"ಎಮ್ಮಿಗಾದರ ಬಾಟಲಿ ಲೆಕ್ಕ, ಇದಕ್ಕೇನು ಲೆಕ್ಕೋ?"
ಆಮ್ಯಾಲ ನಗೂದು ಬಿಟ್ಟು ಹೇಳಿದ:
"ಮೈಲುತುತ್ತ ಗಿಲುತುತ್ತ ಹಾಕೀಯ, ಹುಷಾರ್.
ಹುರುಪಿ ಇಲ್ಲದ ಮೈ, ಔಷಧ ಸೀದಾ ಒಳಗಿಳೀತದ.
ಈ ಜಂತಿನ ಪುಡಿ ತಗೋ. ನಲವತ್ತು ಲೀಟರಿಗೆ
ನೂರು ಮಿಲಿಗ್ರಾಂ. ಹೆಚ್ಚಾದರ ನನ್ನ ಹೆಸರು ಹೇಳಬ್ಯಾಡ."

ಬಾಜೂ ಅಂಗಡಿ ಮೌನೇಶ ಪತ್ತಾರ
ಬಂಗಾರದ ತಕ್ಕಡಿ ಎರಡು ಸಲ ಒರಸಿದ,
ಒಂದು ತಟ್ಟ್ಯಾಗ ಗುಲಗಂಜಿ ಇಟ್ಟ.
ಅವರಜ್ಜನ ಕಾಲದ್ದು, ಕರೀ ಕಣ್ಣು ಇನ್ನೂ ಮಾಸಿಲ್ಲ.
"ಇದಕ್ಕಿಂತ ಒಂದೀಟ ಕಮ್ಮಿ" ಅಂದೆ.
ಫ್ಯಾನ್ ಬಂದ್ ಮಾಡಿದ. ಇಬ್ಬರೂ ಉಸರು ಬಿಗಿ ಹಿಡದಿವಿ.
ತಾಳಿ ತೂಗಿದ ತಟ್ಟ್ಯಾಗ ಬಿಳಿ ಪುಡಿ.
ಮುಳ್ಳು ನಡುಗಿ ನಿಂತಿತು.

ಮಗಳು ದಾನಿ ಜಾಳಗಿ ತಂದಳು.
"ಬ್ಯಾಡವಾ, ಹೊರಗ ತೆಗೆದರ
ಅಂಜಿ ಗಾಳಿ ನುಂಗತದ, ನೀರು ನುಂಗೂ ಬದಲಿ,
ಉಬ್ಬಿದ್ದು ಇಳಿಯಂಗಿಲ್ಲ."
ಬೋಗುಣಿ ಮುಳುಗಿಸಿ, ನೀರಿನ ಸಮೇತ,
ಬಸುರಿ ಹೆಂಗಸಿಗೆ ಮೆಟ್ಟಲ ಇಳಿಸಿದಂಗ
ಬಿಳಿ ಟಬ್ಬಿಗೆ ಇಳಿಸಿದಿವಿ.
ಗಾಳಿ ಗುಳ್ಳಿ ಜೋರು, ದೀಪ ಇಲ್ಲ.
ಪುಡಿ ಕದಡಿದ ನೀರು ಅಂಚಿಗುಂಟ ಬಿಟ್ಟೆ.
ಆ ರಾತ್ರಿ ಅಂಗಡ್ಯಾಗ ಮಲಗಿದೆ.
ಇಪ್ಪತ್ತು ಗಡಿಯಾರ ಹನ್ನೆರಡು ಹೊಡದುವು,
ಒಂದಕ್ಕೊಂದು ಹೊಂದಲಾರದ.

ಆರನೇ ದಿನ ಇನ್ನೊಂದು ತೂಕ.
ಹದಿಮೂರನೇ ದಿನ ಬಸವನಹುಳ ಒಂದು ಬಿಟ್ಟೆ.
ಸುತ್ತ ಹೊಕ್ಕೊಂಡು ನೋಡಿ, ಹಿಂದ ಸರದು,
ಟಕ್.
ಚಿಪ್ಪು ಒಡದ ಸಪ್ಪಳ.
ನನ್ನ ಅಂಗಡ್ಯಾಗ ಅಂಥಾ ಟಕ್ ಇರಲಿಲ್ಲ.

ಪತ್ತಾರ ನೋಡಾಕ ಬಂದ.
ಒಂದು ಕಣ್ಣು ಅವನ ಮ್ಯಾಲ, ಒಂದು ನನ್ನ ಮ್ಯಾಲ.
ಎಡಗಡೆ ಕಾಜು ಅರ್ಧ ತೆರೀತದ,
ನಾಕು ಸಲಕ್ಕೊಮ್ಮೆ ಮರೀತದ.
ಪೂರಾ ಆದೀತೋ ಇಲ್ಲೋ, ಮಸೂತಿಗೂ ಗೊತ್ತಿಲ್ಲ.

ಮೂರನೇ ವಾಚಿನವರು ಬಂದು ಬೈದು ಹೋದರು,
ಹದಿನೈದು ದಿನ ಆತಂತ.
ನಾಳೆ ಕೊಡತೇನ್ರಿ ಅಂದೆ.
ಅರವತ್ತೆಂಟು ಬಂದದ ಇವತ್ತು,
ಅದರಾಗ ಇನ್ನೊಮ್ಮೆ ಎಣಿಸೂದದ.